ಹಳೆಯ ಸಸ್ಪೆನ್ಸ್ ಚಿತ್ರಗಳೂ ಅವುಗಳ ಹಿಂದಿನ ಹೆಂಗಸರೂ

ಹಳೆಯ ಸಸ್ಪೆನ್ಸ್ ಸಿನಿಮಾ, ಹಳೆಯ ಸೈನ್ಸ್ ಫಿಕ್ಷನ್ ಸಿನಿಮಾ ಎಂದರೆ ನನಗೆ ಹಸಿವು ನಿದ್ದೆ ನೆನಪಾಗುವುದಿಲ್ಲ. ಅದರಲ್ಲೂ ಕಪ್ಪು-ಬಿಳುಪಿನವು. ನಮ್ಮ ಮಹಿಳಾ ವಿಭಾಗದ ಗೆಳತಿಯರು ಧಾರಾವಾಹಿಗಳ ಬಗ್ಗೆ ಮಾತಾಡುತ್ತಿರುವಾಗ ನಾನು ನಡುವೆ ಹಿಚ್‌ಕಾಕ್ ಹೆಸರೆತ್ತಿ ಎಷ್ಟೋ ಸಲ ಬೈಸಿಕೊಂಡಿದ್ದೇನೆ. ಈ ಸಂಚಿಕೆಗೆ ಲೇಖನ ಕೇಳಿದಾಗ, ಸರಿ, ಈಗ ಯಾರೂ ನಡುವೆ ಬಾಯಿ ಹಾಕುವ ಹಾಗಿಲ್ಲ ಎಂದು ಇದನ್ನೇ ಬರೆಯಲು ಕೂತೆ.

ಸಿನಿಮಾ ನೋಡುವ ಚಟದ ಜೊತೆಗೆ ನನಗೆ ಇನ್ನೊಂದು ಚಟವಿದೆ. ಶುರುವಿನ ಟೈಟಲ್ ಕಾರ್ಡುಗಳನ್ನು ಪೂರ್ತಿ ಓದುವುದು. ಮನೆಯವರು ಮುಂದಕ್ಕೆ ಓಡಿಸು ಎನ್ನುತ್ತಾರೆ, ನಾನು ರಿಮೋಟ್ ಕೊಡುವುದಿಲ್ಲ. ಹೀಗೆ ಓದುತ್ತಾ ಓದುತ್ತಾ ಒಂದು ಸಂಗತಿ ಗಮನಕ್ಕೆ ಬಂತು. ನಮ್ಮನ್ನು ಕುರ್ಚಿಯ ತುದಿಗೆ ತಂದು ಕೂರಿಸಿದ ಆ ಚಿತ್ರಗಳಲ್ಲಿ ಹೆಂಗಸರ ಕೈಕೆಲಸ ಬಹಳ ಇದೆ. ಹೆಸರು ಮಾತ್ರ ಸಣ್ಣ ಅಕ್ಷರದಲ್ಲಿದೆ, ಕೆಲವು ಕಡೆ ಇಲ್ಲವೇ ಇಲ್ಲ.

ನಮ್ಮ ಅಮ್ಮಂದಿರ ಕಾಲದವರಿಗೆ ವಹೀದಾ ರೆಹಮಾನ್ ನಟಿಸಿದ 'ಕೊಹರಾ' ನೆನಪಿರಬಹುದು, 1964ರದ್ದು. ಸತ್ತ ಮೊದಲ ಹೆಂಡತಿಯ ನೆರಳು ಮನೆತುಂಬ ಕವಿದಿರುವ ಕಥೆ. ಅದರ ಮೂಲ 'ರೆಬೆಕಾ', ಬರೆದವರು ಡಾಫ್ನೆ ದು ಮೊರಿಯೆ ಎಂಬ ಇಂಗ್ಲಿಷ್ ಲೇಖಕಿ. ಹಿಚ್‌ಕಾಕ್ 1940ರಲ್ಲೇ ಅದನ್ನು ಚಿತ್ರ ಮಾಡಿದ್ದರು. ಅದರ ಚಿತ್ರಕಥೆ ಬರೆದವರಲ್ಲಿ ಜೋನ್ ಹ್ಯಾರಿಸನ್ ಒಬ್ಬರು. ಹಿಚ್‌ಕಾಕರ ಬಳಿ ಸೆಕ್ರೆಟರಿ ಕೆಲಸಕ್ಕೆ ಬಂದು, ಚಿತ್ರಕಥೆ ಕಲಿತು, ಮುಂದೆ ತಾವೇ ನಿರ್ಮಾಪಕಿಯಾದವರು. 1963ರ 'ದಿ ಬರ್ಡ್ಸ್' ಚಿತ್ರದ ಮೂಲವೂ ದು ಮೊರಿಯೆಯವರ ಕಥೆಯೇ. ಆ ಚಿತ್ರ ನೋಡಿದ ಮೇಲೆ ಬಾಲ್ಕನಿಯ ಪಾರಿವಾಳಗಳನ್ನು ನಾನು ಮೊದಲಿನ ಹಾಗೆ ನೋಡಲಾರೆ. ಪುಣೆಯ ಫ್ಲ್ಯಾಟುಗಳಲ್ಲಿ ಇರುವವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಇನ್ನು ಆಲ್ಮಾ ರೆವಿಲ್. ಹಿಚ್‌ಕಾಕರಿಗಿಂತ ಒಂದೇ ದಿನ ಚಿಕ್ಕವರು. ಅವರು 1899ರ ಆಗಸ್ಟ್ 13, ಈಕೆ 14. ಆದರೆ ಸಿನಿಮಾ ಕೆಲಸದಲ್ಲಿ ಈಕೆಯೇ ಹಿರಿಯಳು. ಹದಿಹರೆಯದಲ್ಲೇ ಲಂಡನ್ನಿನ ಸ್ಟುಡಿಯೋ ಸೇರಿ ಸಂಕಲನ ಕಲಿತಿದ್ದರು. ಮೂಕಿ ಚಿತ್ರಗಳ ಟೈಟಲ್ ಕಾರ್ಡು ಬರೆಯುವ ಕೆಲಸಕ್ಕೆ ಹಿಚ್‌ಕಾಕ್ ಸ್ಟುಡಿಯೋಕ್ಕೆ ಬಂದಾಗ, ಮೇಲಿನ ಹುದ್ದೆಯಲ್ಲಿರುವ ಹುಡುಗಿಯನ್ನು ಮಾತಾಡಿಸಲು ಅವರಿಗೆ ಸಂಕೋಚ. ತಾವು ಸಹಾಯಕ ನಿರ್ದೇಶಕರಾಗುವವರೆಗೆ ಕಾದರಂತೆ. ಜರ್ಮನಿಯಲ್ಲಿ ಚಿತ್ರೀಕರಣ ಮುಗಿಸಿ ಹಡಗಿನಲ್ಲಿ ಮರಳುವಾಗ ಬಿರುಗಾಳಿ ಎದ್ದು, ಆಲ್ಮಾ ತಲೆ ಸುತ್ತಿ ಮಲಗಿದ್ದಾಗ ಮದುವೆಯ ಮಾತೆತ್ತಿದರು. ಬೇಡ ಎನ್ನಲೂ ತ್ರಾಣವಿಲ್ಲದ ಸಮಯ ನೋಡಿ ಕೇಳಿದ ಮನುಷ್ಯ! 1926ರಲ್ಲಿ ಮದುವೆಯಾಯಿತು.

'ಸೈಕೊ' ಎಲ್ಲರಿಗೂ ಗೊತ್ತು. 1960ರ ಚಿತ್ರ. ಸ್ನಾನದ ಮನೆಯ ಕೊಲೆಯ ದೃಶ್ಯ ತೆರೆಯ ಮೇಲೆ ಒಂದು ನಿಮಿಷವೂ ಇಲ್ಲ, ತೆಗೆಯಲು ಒಂದು ವಾರ ಹಿಡಿಯಿತು. ರಕ್ತವೆಂದು ಸುರಿದದ್ದು ಚಾಕೊಲೇಟ್ ಸಿರಪ್. ಚಿತ್ರ ಕತ್ತರಿಸಿ ಜೋಡಿಸಿ ಸಿದ್ಧವಾಯಿತು, ಎಲ್ಲರೂ ನೋಡಿ ತಲೆದೂಗಿದರು. ಆಲ್ಮಾ ಮಾತ್ರ ಒಪ್ಪಲಿಲ್ಲ. ಸತ್ತು ನೆಲಕ್ಕೊರಗಿದ ಜಾನೆಟ್ ಲೀ ಅಲುಗಿದ್ದಾಳೆ ಎಂದರು. ಉಸಿರೆಳೆದದ್ದು ಎನ್ನುವವರಿದ್ದಾರೆ, ಉಗುಳು ನುಂಗಿದ್ದು ಎನ್ನುವವರೂ ಇದ್ದಾರೆ. ಅಂತೂ ಅಷ್ಟೊಂದು ಜನರ ಕಣ್ಣಿಗೆ ಬೀಳದ್ದು ಆಕೆಗೆ ಕಂಡಿತು, ಆ ತುಣುಕು ತೆಗೆದುಹಾಕಿದರು. ಚಿತ್ರದ ಕಾರ್ಡುಗಳಲ್ಲಿ ಆಲ್ಮಾ ಹೆಸರಿಲ್ಲ. 1979ರಲ್ಲಿ ಅಮೆರಿಕನ್ ಫಿಲ್ಮ್ ಇನ್‌ಸ್ಟಿಟ್ಯೂಟ್ ಜೀವಮಾನದ ಪ್ರಶಸ್ತಿ ಕೊಟ್ಟಾಗ ಹಿಚ್‌ಕಾಕ್ ನಾಲ್ಕು ಜನರಿಗೆ ಕೃತಜ್ಞತೆ ಹೇಳಿದರು. ಒಬ್ಬ ಸಂಕಲನಕಾರ್ತಿ, ಒಬ್ಬ ಚಿತ್ರಕಥೆಗಾರ್ತಿ, ತಮ್ಮ ಮಗಳ ತಾಯಿ, ಮನೆಯಲ್ಲಿ ಅದ್ಭುತ ಅಡುಗೆ ಮಾಡುವವಳು. ನಾಲ್ವರ ಹೆಸರೂ ಆಲ್ಮಾ ರೆವಿಲ್ ಎಂದರು. ಮಾತು ಚೆನ್ನಾಗಿದೆ, ಕಣ್ಣಲ್ಲಿ ನೀರೂ ಬರುತ್ತದೆ. ಆದರೆ ಪ್ರಶಸ್ತಿ ಒಂದೇ ಇತ್ತು.

ಆಲ್ಮಾಗೆ ಮೆಚ್ಚುವ ಗಂಡನಾದರೂ ಇದ್ದರು. ಮಿಲಿಸೆಂಟ್ ಪ್ಯಾಟ್ರಿಕ್‌ಗೆ ಅದೂ ಇರಲಿಲ್ಲ. 1954ರ 'ಕ್ರೀಚರ್ ಫ್ರಮ್ ದ ಬ್ಲ್ಯಾಕ್ ಲಗೂನ್' ಚಿತ್ರದ, ಮೀನಿನ ಕಿವಿರು-ಪೊರೆಗಳುಳ್ಳ ನೀರುಮನುಷ್ಯನ ರೂಪ ಬರೆದವರು ಆಕೆ. ಸ್ಟುಡಿಯೋದವರು ಪ್ರಚಾರಕ್ಕೆ ಆಕೆಯನ್ನು ಊರೂರು ಸುತ್ತಿಸಿದರು. ಇದನ್ನು ಕಂಡು ಮೇಕಪ್ ವಿಭಾಗದ ಮುಖ್ಯಸ್ಥ ಬಡ್ ವೆಸ್ಟ್‌ಮೋರ್‌ಗೆ ಹೊಟ್ಟೆಯುರಿ. ಪ್ರವಾಸದಿಂದ ಮರಳುವಷ್ಟರಲ್ಲಿ ಆಕೆಗೆ ಅಲ್ಲಿ ಕೆಲಸವೇ ಇಲ್ಲ. ಚಿತ್ರದಲ್ಲಿ ಹೆಸರು ಬಂದದ್ದು ವೆಸ್ಟ್‌ಮೋರ್‌ದು.

ಬೇಬೆ ಬ್ಯಾರನ್ ಕಥೆ ಸ್ವಲ್ಪ ತಮಾಷೆಯದು. ಆಕೆಗೂ ಗಂಡ ಲೂಯಿಗೂ ಮದುವೆಯ ಉಡುಗೊರೆಯಾಗಿ ಒಂದು ಟೇಪ್ ರೆಕಾರ್ಡರ್ ಬಂತು. ನಮಗೆಲ್ಲ ಬರುವುದು ಸ್ಟೀಲ್ ಪಾತ್ರೆ! 1956ರ 'ಫರ್ಬಿಡನ್ ಪ್ಲಾನೆಟ್' ಚಿತ್ರಕ್ಕೆ ಈ ದಂಪತಿ ವಾದ್ಯಗಳೇ ಇಲ್ಲದೆ, ಬರೀ ವಿದ್ಯುತ್ ಸರ್ಕಿಟ್‌ಗಳಿಂದ ಸಂಗೀತ ಮಾಡಿದರು. ಗಂಡ ಸರ್ಕಿಟ್ ಕಟ್ಟುತ್ತಿದ್ದರು. ಅವು ಕಿರುಚಿ, ನರಳಿ, ಸುಟ್ಟು ಹೋಗುತ್ತಿದ್ದವು. ಗಂಟೆಗಟ್ಟಲೆ ಟೇಪು ಕೇಳಿ ಯಾವ ನರಳಾಟ ಬೇಕು, ಯಾವುದು ಬೇಡ ಎಂದು ಆರಿಸುವ ಕೆಲಸ ಬೇಬೆಯದು. ವಾದ್ಯಗಾರರ ಸಂಘದ ತಕರಾರಿನಿಂದ ಕಾರ್ಡಿನಲ್ಲಿ ಸಂಗೀತ ಎಂಬ ಪದವನ್ನೇ ಹಾಕಲಿಲ್ಲ, 'ಎಲೆಕ್ಟ್ರಾನಿಕ್ ಟೋನಾಲಿಟೀಸ್' ಎಂದು ಬರೆದರು.

ಇವರೆಲ್ಲರಿಗಿಂತ ಹೆಚ್ಚು ನನ್ನನ್ನು ಕಾಡಿದವರು ಇವರಿಗಿಂತ ಹಿಂದಿನವರು. ಜರ್ಮನಿಯ ಥಿಯಾ ಫಾನ್ ಹಾರ್ಬೌ. ಹಿಚ್‌ಕಾಕ್, ಆಲ್ಮಾ ಇಬ್ಬರೂ ತರುಣರಾಗಿ ಕೆಲಸ ಮಾಡಲು ಹೋದದ್ದು ಅದೇ ಜರ್ಮನ್ ಸಿನಿಮಾದ ಅಂಗಳಕ್ಕೆ. ಈಕೆಯ ಹೆಸರು ಕಾರ್ಡುಗಳಲ್ಲಿ ದೊಡ್ಡದಾಗಿಯೇ ಇದೆ. ಆದರೂ ನಿರ್ದೇಶಕ ಫ್ರಿಟ್ಸ್ ಲಾಂಗ್ ಹೆಂಡತಿ ಎಂದೇ ಎಲ್ಲರೂ ನೆನಪಿಟ್ಟುಕೊಂಡಿದ್ದಾರೆ.

'ಮೆಟ್ರೊಪೊಲಿಸ್' ಕಾದಂಬರಿ ಆಕೆಯದು, ಚಿತ್ರಕಥೆಯೂ ಆಕೆಯದು. ಮೇಲೆ ಶ್ರೀಮಂತರ ಗಗನಚುಂಬಿ ನಗರ, ನೆಲದಡಿಯಲ್ಲಿ ಯಂತ್ರಗಳಿಗೆ ಮೈ ತೇಯುವ ಕೂಲಿಗಳು, ಅವರನ್ನು ದಾರಿ ತಪ್ಪಿಸಲು ಹೆಣ್ಣಿನ ರೂಪ ತೊಟ್ಟ ಯಂತ್ರ. 1927ರ ಜನವರಿ 10ರಂದು ಬರ್ಲಿನ್‌ನಲ್ಲಿ ಮೊದಲ ಪ್ರದರ್ಶನ. ಆ ಬೃಹತ್ ನಗರವನ್ನು ತೋರಿಸಿದ ಉಪಾಯ ಕೇಳಿ. ಕ್ಯಾಮೆರಾ ಎದುರು ಓರೆಯಾಗಿ ಒಂದು ಕನ್ನಡಿ ಇಟ್ಟು, ಅದರ ಹಿಂಬದಿಯ ಲೇಪವನ್ನು ಬೇಕಾದಷ್ಟು ಜಾಗದಲ್ಲಿ ಕೆರೆದು ತೆಗೆಯುತ್ತಿದ್ದರು. ಉಳಿದ ಕನ್ನಡಿಯಲ್ಲಿ ಪುಟ್ಟ ಮಾದರಿ ಕಟ್ಟಡದ ಪ್ರತಿಬಿಂಬ, ಕೆರೆದ ಗಾಜಿನ ಆಚೆ ದೂರದಲ್ಲಿ ನಿಂತ ನಟರು. ಎರಡೂ ಸೇರಿ ಒಂದೇ ಚಿತ್ರ. ಯೂಜೆನ್ ಶುಫ್ಟಾನ್ ಎಂಬ ಛಾಯಾಗ್ರಾಹಕನ ಯುಕ್ತಿ ಅದು. ಹಿಚ್‌ಕಾಕ್ ಎರಡು ವರ್ಷದ ನಂತರ 'ಬ್ಲ್ಯಾಕ್‌ಮೇಲ್' ಚಿತ್ರದಲ್ಲಿ ಬ್ರಿಟಿಷ್ ಮ್ಯೂಸಿಯಂ ತೋರಿಸಲು ಇದನ್ನೇ ಬಳಸಿದರು. ಯಂತ್ರಮಾನವಿಯ ಆ ಗಟ್ಟಿ ಕವಚದೊಳಗೆ ಇದ್ದವಳು ಬ್ರಿಗಿಟೆ ಹೆಲ್ಮ್, ಹದಿನೇಳು-ಹದಿನೆಂಟರ ಹುಡುಗಿ. ಮೈಯೆಲ್ಲ ತರಚಿ ಗಾಯವಾಗುತ್ತಿತ್ತು.

ಇದರಲ್ಲಿ ಒಂದು ಮನೆಯೊಳಗಿನ ಸುದ್ದಿಯೂ ಉಂಟು. ಥಿಯಾ ಮೊದಲು ಮದುವೆಯಾಗಿದ್ದದ್ದು ನಟ ರುಡಾಲ್ಫ್ ಕ್ಲೈನ್-ರೊಗೆಯನ್ನು. ಅವರನ್ನು ಬಿಟ್ಟು ಲಾಂಗ್ ಕೈಹಿಡಿದರು. 'ಮೆಟ್ರೊಪೊಲಿಸ್'ನಲ್ಲಿ ಹೆಲ್ ಎಂಬ ಹೆಣ್ಣನ್ನು ಪ್ರೀತಿಸಿ, ಅವಳು ಬೇರೆಯವನ ಪಾಲಾದ ಮೇಲೆ ಹುಚ್ಚನಂತಾಗಿ ಯಂತ್ರಮಾನವಿಯನ್ನು ಮಾಡುವ ವಿಜ್ಞಾನಿಯ ಪಾತ್ರವಿದೆ. ಆ ಪಾತ್ರ ಮಾಡಿದವರು ಅದೇ ಮೊದಲ ಗಂಡ! ಸೆಟ್ಟಿನಲ್ಲಿ ಮೂವರೂ ಹೇಗೆ ಮುಖ ನೋಡಿಕೊಂಡರೋ.

ಅಮೆರಿಕದಲ್ಲಿ ಈ ಚಿತ್ರವನ್ನು ಕತ್ತರಿಸುವಾಗ ಹೆಲ್ ಕಥೆಯನ್ನೇ ತೆಗೆದರು. ಇಂಗ್ಲಿಷ್ ಕಿವಿಗೆ ಆ ಹೆಸರು ನರಕದಂತೆ ಕೇಳುತ್ತದೆ ಎಂಬುದು ಕಾರಣ. ವಿಜ್ಞಾನಿಯ ಸಿಟ್ಟಿಗೆ ಕಾರಣವೇ ಇಲ್ಲದ ಹಾಗಾಯಿತು, ಕಥೆ ಪೊಳ್ಳು ಎಂಬ ಅಪವಾದ ಲೇಖಕಿಗೆ ಬಂತು. 2008ರಲ್ಲಿ ಅರ್ಜೆಂಟೀನಾದ ಬ್ಯೂನಸ್ ಐರಿಸ್‌ನ ಸಿನಿಮಾ ಮ್ಯೂಸಿಯಂನಲ್ಲಿ ಹೆಚ್ಚು ಕಡಿಮೆ ಪೂರ್ತಿ ಪ್ರತಿಯೊಂದು ಸಿಕ್ಕಿತು. ಆ ಮ್ಯೂಸಿಯಂನ ನಿರ್ದೇಶಕಿ ಪೌಲಾ ಫೆಲಿಕ್ಸ್-ದಿದಿಯೆ ಅದನ್ನು ಜರ್ಮನಿಗೆ ಒಯ್ದು ತೋರಿಸಿದರು. ಗೀರುಬಿದ್ದ ಆ ಪ್ರತಿಯಿಂದ ಸುಮಾರು 25 ನಿಮಿಷದ ದೃಶ್ಯಗಳು 2010ರಲ್ಲಿ ಮರಳಿ ಸೇರಿದವು. ಈ ಭಾಗ್ಯ ಎಲ್ಲ ಚಿತ್ರಗಳಿಗೂ ಇಲ್ಲ. ನಮ್ಮ ಕನ್ನಡದ ಮೊದಲ ವಾಕ್ಚಿತ್ರ, 1934ರ 'ಸತಿ ಸುಲೋಚನ', ಇಲ್ಲೇ ಪಕ್ಕದ ಕೊಲ್ಹಾಪುರದಲ್ಲಿ ತಯಾರಾದದ್ದು. ಅದರ ಪ್ರತಿ ಉಳಿದಿಲ್ಲ.

'ಮೆಟ್ರೊಪೊಲಿಸ್' ಬಗ್ಗೆ ಬರೆಯುವವರಲ್ಲಿ ಒಂದು ಅಭ್ಯಾಸವಿದೆ. ದೃಶ್ಯವೈಭವವೆಲ್ಲ ಲಾಂಗ್‌ದು, ತಲೆ ಮತ್ತು ಕೈಗಳ ನಡುವೆ ಹೃದಯ ಇರಬೇಕು ಎಂಬ ಸಪ್ಪೆ ನೀತಿ ಹೆಂಡತಿಯದು. ಪಲ್ಯ ರುಚಿಯಾದರೆ ತರಕಾರಿ ಚೆನ್ನಾಗಿತ್ತು, ಉಪ್ಪು ಹೆಚ್ಚಾದರೆ ಸೊಸೆಯ ಕೈ ಎಂಬ ಹಾಗೆ. ನೀತಿ ಸಪ್ಪೆ ಎನ್ನುವುದು ನನಗೂ ಒಪ್ಪಿಗೆ. ಆದರೆ ಆ ನಗರವನ್ನು, ಆ ಯಂತ್ರಹೆಣ್ಣನ್ನು ಮೊದಲು ಕಂಡದ್ದೂ ಅದೇ ತಲೆಯಲ್ಲವೇ?

1929ರ 'ಫ್ರಾವ್ ಇಮ್ ಮಾಂಡ್', ಅಂದರೆ ಚಂದ್ರನಲ್ಲಿ ಹೆಣ್ಣು, ಅದೂ ಥಿಯಾ ಕಾದಂಬರಿಯೇ. ರಾಕೆಟ್ ತಜ್ಞ ಹೆರ್ಮಾನ್ ಓಬರ್ತ್ ಸಲಹೆಗಾರರು. ಮೂಕಿ ಚಿತ್ರವಾದ್ದರಿಂದ ರಾಕೆಟ್ ಹಾರುವ ಮುನ್ನ ಉಳಿದ ಸೆಕೆಂಡುಗಳನ್ನು ಒಂದೊಂದಾಗಿ ಇಳಿಸುತ್ತಾ ತೆರೆಯ ಮೇಲೆ ಬರೆದು ತೋರಿಸಿದರು. ಏರಿಸುತ್ತಾ ಎಣಿಸಿದರೆ ಎಲ್ಲಿ ನಿಲ್ಲುತ್ತದೆ ಎಂದು ನೋಡುವವರಿಗೆ ಗೊತ್ತಾಗುವುದಿಲ್ಲ, ಇಳಿಸುತ್ತಾ ಬಂದರೆ ಎದೆ ಬಡಿದುಕೊಳ್ಳುತ್ತದೆ. ಚಂದ್ರಯಾನದ ದಿನ ನಾವೆಲ್ಲ ಟಿವಿ ಮುಂದೆ ಉಸಿರು ಹಿಡಿದು ಕೇಳಿದ ಎಣಿಕೆ, ನಿಜವಾದ ರಾಕೆಟ್‌ಗಳಿಗಿಂತ ಮೊದಲು ಒಂದು ಸಸ್ಪೆನ್ಸ್ ತಂತ್ರವಾಗಿ ಈ ಚಿತ್ರದಲ್ಲಿತ್ತು. ರಾಕೆಟ್‌ನಲ್ಲಿ ಹೋಗುವವರಲ್ಲಿ ಫ್ರೀಡೆ ಎಂಬ ಖಗೋಳಶಾಸ್ತ್ರದ ವಿದ್ಯಾರ್ಥಿನಿಯೂ ಇದ್ದಾಳೆ.

ನನಗೆ ಎಲ್ಲಕ್ಕಿಂತ ದೊಡ್ಡದು 1931ರ 'ಎಂ'. ಚಿತ್ರಕಥೆ ಥಿಯಾ ಮತ್ತು ಲಾಂಗ್ ಇಬ್ಬರದು. ಮಕ್ಕಳನ್ನು ಕೊಲ್ಲುವವನೊಬ್ಬ ನಗರದಲ್ಲಿ ತಿರುಗುತ್ತಿದ್ದಾನೆ. ತಾಯಿ ಬಟ್ಟೆ ಒಗೆಯುವುದನ್ನು ಮುಗಿಸಿ ಊಟಕ್ಕೆ ತಟ್ಟೆ ಇಡುತ್ತಾಳೆ. ಗಡಿಯಾರ ನೋಡುತ್ತಾಳೆ. ಬೇರೆ ಮಕ್ಕಳು ಮೆಟ್ಟಿಲು ಹತ್ತಿ ಬರುತ್ತವೆ, ಎಲ್ಸಿ ಬಂದಿಲ್ಲ. ಕಿಟಕಿಯಿಂದ ಕೂಗುತ್ತಾಳೆ. ಬರಿದಾದ ಮೆಟ್ಟಿಲು, ಬರಿದಾದ ಅಟ್ಟ, ಬರಿದಾದ ತಟ್ಟೆ. ಪೊದೆಯಿಂದ ಒಂದು ಚೆಂಡು ಉರುಳಿ ಬರುತ್ತದೆ. ಬಲೂನು ತಂತಿಗೆ ಸಿಕ್ಕಿಕೊಳ್ಳುತ್ತದೆ. ಅಷ್ಟೇ. ಕೊಲೆ ಇಲ್ಲ, ರಕ್ತವಿಲ್ಲ. ಶಾಲೆಯ ಬಸ್ಸು ಹತ್ತು ನಿಮಿಷ ತಡವಾದಾಗ ಗೇಟಿನ ಹತ್ತಿರ ನಿಂತ ಯಾವ ತಾಯಿಗೂ ಈ ದೃಶ್ಯಕ್ಕೆ ವ್ಯಾಖ್ಯಾನ ಬೇಡ.

ಈಗ ನನ್ನ ತವರಿನ ವಿಷಯಕ್ಕೆ ಬರುತ್ತೇನೆ. ನಾನು ಬೆಳಗಾವಿಯವಳು. ಲಕ್ಷ್ಮಿ ತೆಂಡುಲ್ಕರ್ ಧೌಲ್ ಅವರು ತಮ್ಮ ತಂದೆತಾಯಿಯರ ಬಗ್ಗೆ ಬರೆದ ಪುಸ್ತಕ ಕೈಗೆ ಬಂದಾಗ ಹುಬ್ಬೇರಿತು. ಅವರ ತಂದೆ ಆಯಿ ತೆಂಡುಲ್ಕರ್ ಬರ್ಲಿನ್‌ನಲ್ಲಿ ಓದಲು ಹೋಗಿ ಪತ್ರಕರ್ತರಾಗಿದ್ದವರು. ಅಷ್ಟರಲ್ಲಿ ಲಾಂಗ್ ಚಂದ್ರನ ಚಿತ್ರದ ನಾಯಕಿಯ ಹಿಂದೆ ಬಿದ್ದು ಸಂಸಾರ ಒಡೆದಿತ್ತು. 1933ರಲ್ಲಿ ವಿಚ್ಛೇದನ. ವಯಸ್ಸಿನಲ್ಲಿ ಬಹಳ ಚಿಕ್ಕವರಾದ ತೆಂಡುಲ್ಕರರನ್ನು ಥಿಯಾ ಗುಟ್ಟಾಗಿ ಮದುವೆಯಾದರು. ಹಿಟ್ಲರನ ಆಡಳಿತದಲ್ಲಿ ಭಾರತೀಯನನ್ನು ಬಹಿರಂಗವಾಗಿ ವರಿಸುವ ಹಾಗಿರಲಿಲ್ಲ. ಯುದ್ಧದ ಹೊತ್ತಿಗೆ ತೆಂಡುಲ್ಕರ್ ಭಾರತಕ್ಕೆ ಮರಳಿ ಬೆಳಗಾವಿಯಲ್ಲಿ ಪತ್ರಿಕೆ ನಡೆಸಿದರು, ಬ್ರಿಟಿಷರ ಜೈಲು ಕಂಡರು. ಅಲ್ಲಿಯೇ ಇಂದುಮತಿ ಗುಣಾಜಿಯವರ ಪರಿಚಯವಾಯಿತು. ಥಿಯಾ ಅಡ್ಡ ಬರಲಿಲ್ಲ. ಗಾಂಧೀಜಿ ಕೆಲವು ವರ್ಷ ಕಾಯಿಸಿ, 1945ರಲ್ಲಿ ಸೇವಾಗ್ರಾಮದಲ್ಲಿ ಈ ಮದುವೆ ಮಾಡಿಸಿದರು. ಯಂತ್ರಮಾನವಿಯನ್ನು ಕಲ್ಪಿಸಿದವಳ ಬದುಕಿನ ಒಂದು ಎಳೆ ನಮ್ಮೂರಿಗೆ ಬಂದು ಸೇರಿತ್ತು, ನಮ್ಮ ಓಣಿಯಲ್ಲಿ ಯಾರೂ ಅದರ ಮಾತೆತ್ತಿದ್ದನ್ನು ನಾನು ಕೇಳಿರಲಿಲ್ಲ.

ಇಷ್ಟು ಮೆಚ್ಚಿ ಬರೆದ ಮೇಲೆ ಉಳಿದದ್ದನ್ನೂ ಹೇಳಬೇಕು. ಥಿಯಾ ನಾತ್ಸಿ ಪಕ್ಷ ಸೇರಿದರು, ಆ ಸರ್ಕಾರದ ಕಾಲದುದ್ದಕ್ಕೂ ಚಿತ್ರಕಥೆ ಬರೆದರು. ಭಾರತೀಯ ವಿದ್ಯಾರ್ಥಿಗಳಿಗೆ ನೆರವಾಗಲೆಂದು ಸೇರಿದೆ ಎಂದು ಹೇಳಿಕೊಂಡದ್ದುಂಟು. ನೆರವಾದದ್ದು ನಿಜ. ಆದರೆ ಅದರಿಂದ ಲೆಕ್ಕ ಸರಿಹೋಗುತ್ತದೆ ಎಂದು ನನಗೆ ಅನಿಸುವುದಿಲ್ಲ. 'ಎಂ' ಚಿತ್ರದಲ್ಲಿ ಕೊಲೆಗಾರನಾಗಿ ನಟಿಸಿದ ಪೀಟರ್ ಲಾರ್ ಯಹೂದಿ, ದೇಶ ಬಿಟ್ಟು ಓಡಬೇಕಾಯಿತು. ಆಕೆ ಉಳಿದರು. ಗಂಡನ ನೆರಳಿನಿಂದ ಈ ಹೆಂಗಸನ್ನು ಈಚೆ ತರುವಾಗ ಆಕೆಯ ತಪ್ಪುಗಳನ್ನು ಮಾತ್ರ ನೆರಳಲ್ಲೇ ಬಿಡುವುದು ನ್ಯಾಯವಲ್ಲ. ಚಿತ್ರಗಳನ್ನು ನಾನು ಈಗಲೂ ನೋಡುತ್ತೇನೆ, ಅದೂ ನಿಜ.

ಯುದ್ಧ ಮುಗಿದ ಮೇಲೆ ಆಕೆ ಬಂಧನದಲ್ಲಿದ್ದು, ಬರ್ಲಿನ್‌ನಲ್ಲಿ ಕುಸಿದ ಕಟ್ಟಡಗಳ ಇಟ್ಟಿಗೆ ತೆಗೆಯುವ ಹೆಂಗಸರ ಸಾಲಿನಲ್ಲಿ ದುಡಿದರು. 1954ರಲ್ಲಿ ತಾವೂ ಲಾಂಗ್ ಕೂಡಿ 1921ರಲ್ಲಿ ಬರೆದಿದ್ದ 'ಡೆರ್ ಮ್ಯೂಡೆ ಟೋಡ್' ಚಿತ್ರದ ಪ್ರದರ್ಶನಕ್ಕೆ ಅತಿಥಿಯಾಗಿ ಹೋಗಿ, ಹೊರಗೆ ಬರುವಾಗ ಬಿದ್ದು ಸೊಂಟಕ್ಕೆ ಪೆಟ್ಟಾಯಿತು. ಕೆಲವೇ ದಿನಗಳಲ್ಲಿ, ಜುಲೈ 1ರಂದು ತೀರಿಕೊಂಡರು.

'ಎಂ' ಎರಡು ಗಂಟೆಯೊಳಗೆ ಮುಗಿಯುತ್ತದೆ, ಇಂಗ್ಲಿಷ್ ಸಬ್‌ಟೈಟಲ್ ಇರುವ ಪ್ರತಿ ಸಿಗುತ್ತದೆ. ಮೊಮ್ಮಕ್ಕಳು ಮಲಗಿದ ಮೇಲೆ ಹಾಕಿಕೊಳ್ಳಿ. ಟೈಟಲ್ ಕಾರ್ಡು ಓಡಿಸಬೇಡಿ.