ಕೆಂಪು ಗುರುತಿನ ಹಿಂದಿರೋ ಕಥೆ: ಟ್ಯೂಮರ್ ಮಾರ್ಕರ್

ಹೋದ ತಿಂಗಳು ನಮ್ಮ ಮರಳವಾಡಿಯ ಒಬ್ಬ ಅಣ್ಣ ವಾಟ್ಸಾಪ್‌ನಲ್ಲಿ ಲ್ಯಾಬ್ ರಿಪೋರ್ಟ್ ಕಳಿಸಿದ್ರು. ಫುಲ್ ಬಾಡಿ ಚೆಕಪ್ ಪ್ಯಾಕೇಜಲ್ಲಿ ಸಿಇಎ ಅನ್ನೋ ಟೆಸ್ಟು. ಸಂಖ್ಯೆ ಸ್ವಲ್ಪ ಜಾಸ್ತಿ, ಪಕ್ಕದಲ್ಲೇ ಕೆಂಪು ಗುರುತು. ಕೆಳಗೆ ಒಂದೇ ಸಾಲು: "ನಂಗೆ ಕ್ಯಾನ್ಸರಾ ತಮ್ಮಾ?"

ಆ ಪ್ರಶ್ನೆಗೆ ಇತಿಹಾಸದಲ್ಲಿ ಉತ್ತರ ಇದೆ.

1845ರ ಲಂಡನ್. ಮೂಳೆ ನೋವಿನಿಂದ ನರಳ್ತಿದ್ದ ಒಬ್ಬ ವ್ಯಾಪಾರಿಯ ಮೂತ್ರದಲ್ಲಿ ವಿಚಿತ್ರವಾದ ಒಂದು ಪದಾರ್ಥ ಸಿಕ್ತು. ಕಾಯಿಸಿದ್ರೆ ಕರಗುತ್ತೆ, ಆರಿದ್ರೆ ತುಪ್ಪದ ಹಾಗೆ ಮತ್ತೆ ಗಟ್ಟಿಯಾಗುತ್ತೆ. ಹೆನ್ರಿ ಬೆನ್ಸ್ ಜೋನ್ಸ್ ಅದನ್ನ ಪರೀಕ್ಷಿಸಿದ್ರು. ಮೊದಲ ಟ್ಯೂಮರ್ ಮಾರ್ಕರ್ ಅಂತ ಇವತ್ತಿಗೂ ಹೇಳೋದು ಆ ಪ್ರೋಟೀನನ್ನೇ.

ಈಗ 1956, ಅಮೆರಿಕ. ಮಿನ್ ಚಿಯು ಲಿ ಅನ್ನೋ ಡಾಕ್ಟರು ಗರ್ಭಕ್ಕೆ ಸಂಬಂಧಿಸಿದ ಒಂದು ಅಪರೂಪದ ಕ್ಯಾನ್ಸರಿಗೆ ಮೆಥೊಟ್ರೆಕ್ಸೇಟ್ ಕೊಡ್ತಿದ್ರು. ಎಕ್ಸ್-ರೇಯಲ್ಲಿ ಗಡ್ಡೆ ಮಾಯವಾಯ್ತು. ಆದ್ರೆ ಆ ಗಡ್ಡೆ ಉತ್ಪಾದಿಸೋ ಎಚ್‌ಸಿಜಿ ಹಾರ್ಮೋನು ಮೂತ್ರದಲ್ಲಿ ಇನ್ನೂ ಕಾಣ್ತಿತ್ತು. ಅದು ಪೂರ್ತಿ ಹೋಗೋವರೆಗೂ ಲಿ ಔಷಧಿ ನಿಲ್ಲಿಸಲಿಲ್ಲ. ಇದು ಅತಿಯಾಯ್ತು ಅಂತ ಮೇಲಿನವರು ಅವರನ್ನ ಕೆಲಸದಿಂದಲೇ ತೆಗೆದ್ರು. ಬೇಗ ಔಷಧಿ ನಿಲ್ಲಿಸಿದ ರೋಗಿಗಳಿಗೆ ಕ್ಯಾನ್ಸರ್ ಮರುಕಳಿಸ್ತು. ಲಿ ರೋಗಿಗಳು ಉಳಿದ್ರು. 1972ರಲ್ಲಿ ಅವರಿಗೆ ಲಾಸ್ಕರ್ ಪ್ರಶಸ್ತಿ ಬಂತು.

ಅಂದ್ರೆ ಮಾರ್ಕರಿನ ನಿಜವಾದ ಶಕ್ತಿ ಇರೋದು ಚಿಕಿತ್ಸೆ ಫಲಿಸ್ತಿದೆಯಾ, ರೋಗ ಮರುಕಳಿಸ್ತಿದೆಯಾ ಅಂತ ನೋಡೋದ್ರಲ್ಲಿ. ನಾನು ಬಿ.ಕಾಂ. ಓದಿದವನು, ನನಗೆ ಇದು ಪಾಸ್‌ಬುಕ್ ಥರ ಕಾಣುತ್ತೆ. ಒಂದು ದಿನದ ಬ್ಯಾಲೆನ್ಸ್ ನೋಡಿ ಮನೆಯ ಸ್ಥಿತಿ ಹೇಳೋಕಾಗಲ್ಲ; ತಿಂಗಳುಗಟ್ಟಲೆ ಏರಿಳಿತ ನೋಡಿದ್ರೆ ಗೊತ್ತಾಗುತ್ತೆ.

ಸಿಇಎ ಸಿಕ್ಕಿದ್ದು 1965ರಲ್ಲಿ, ಮಾಂಟ್ರಿಯಲ್‌ನಲ್ಲಿ. ಕರುಳಿನ ಕ್ಯಾನ್ಸರನ್ನ ಒಂದೇ ರಕ್ತಪರೀಕ್ಷೆಯಲ್ಲಿ ಹಿಡಿಯಬಹುದು ಅನ್ನೋ ಆಸೆ ಹುಟ್ತು. ಆದ್ರೆ ಬೀಡಿ ಸೇದೋರಲ್ಲೂ ಅದು ಏರುತ್ತೆ, ಕ್ಯಾನ್ಸರಿನ ಆರಂಭದಲ್ಲಿ ಎಷ್ಟೋ ಸಲ ಏರೋದೇ ಇಲ್ಲ. ಅಂಡಾಶಯದ ಕ್ಯಾನ್ಸರಿನ ಸಿಎ-125 ಮಾರ್ಕರ್ ಮುಟ್ಟಿನ ಸಮಯದಲ್ಲೂ ಹೆಚ್ಚಬಹುದು. ಬ್ರಿಟನ್ನಿನಲ್ಲಿ 2 ಲಕ್ಷಕ್ಕೂ ಹೆಚ್ಚು ಮಹಿಳೆಯರನ್ನ ವರ್ಷಗಟ್ಟಲೆ ಗಮನಿಸಿ ನೋಡಿದ್ರು. 2021ರಲ್ಲಿ ಬಂದ ಫಲಿತಾಂಶ: ಆ ತಪಾಸಣೆಯಿಂದ ಸಾವು ಕಡಿಮೆಯಾಗಲಿಲ್ಲ.

ನಮ್ಮ ಕಡೆಯವರು ಕ್ಯಾನ್ಸರ್ ಅಂದ ತಕ್ಷಣ ನೆನೆಯೋದು ಬೆಂಗಳೂರಿನ ಹೊಸೂರು ರಸ್ತೆಯ ಕಿದ್ವಾಯಿ, 1973ರಲ್ಲಿ ಶುರುವಾದ ಆಸ್ಪತ್ರೆ. ಆದ್ರೆ ಮೊದಲ ತಪಾಸಣೆಗೆ ಅಷ್ಟು ದೂರ ಹೋಗಬೇಕಿಲ್ಲ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ಕ್ಯಾನ್ಸರ್ ತಪಾಸಣೆ ಸರ್ಕಾರದ ಕಾರ್ಯಕ್ರಮದಲ್ಲೇ ಇದೆ. ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಕೇಳಿ. ಈ ಮೂರರಲ್ಲಿ ಒಂದಕ್ಕೂ ಟ್ಯೂಮರ್ ಮಾರ್ಕರ್ ಬೇಡ.

ಆ ಅಣ್ಣನ್ನ ಡಾಕ್ಟರು ಮೊದಲು ಕೇಳಿದ್ದು, "ದಿನಕ್ಕೆ ಎಷ್ಟು ಬೀಡಿ?" ಅಂತ. ಆಮೇಲೆ ಬೇಕಾದ ಪರೀಕ್ಷೆ ಎಲ್ಲ ಮಾಡಿಸಿದ್ರು, ಏನೂ ಸಿಗಲಿಲ್ಲ. ಮೂರು ವಾರ ಅವರು ಸರಿಯಾಗಿ ನಿದ್ದೆ ಮಾಡಿರಲಿಲ್ಲ. ನಿಮ್ಮ ರಿಪೋರ್ಟಲ್ಲೂ ಕೆಂಪು ಗುರುತು ಬಂದ್ರೆ ಗೂಗಲ್ ಮಾಡ್ತಾ ಕೂರಬೇಡಿ, ಮುಚ್ಚಿಟ್ಟುಕೊಳ್ಳಲೂಬೇಡಿ. ಡಾಕ್ಟರ ಹತ್ರ ಹೋಗಿ ತೋರಿಸಿ.

ಮುಂದಿನ ವಾರ ಸಿಗೋಣ.