ಬೆನ್ನುಹುರಿ ಪೆಟ್ಟು: ಚಿಕಿತ್ಸೆಯ ಇತಿಹಾಸ

ಬೆನ್ನುಹುರಿ ಪೆಟ್ಟು: ಮಿದುಳಿನಿಂದ ಇಳಿದು ಬೆನ್ನೆಲುಬಿನ ಕೊಳವೆಯೊಳಗೆ ಹಾಯುವ ನರಗಳ ಕಟ್ಟಿಗೆ ಬೀಳುವ ಏಟು. ಸುಮಾರು 45 ಸೆಂ.ಮೀ. ಉದ್ದದ ಈ ಹುರಿ ಕತ್ತಿನಲ್ಲಿ ಜಜ್ಜಿದರೆ ಕೈಕಾಲು ನಾಲ್ಕೂ, ಎದೆಯ ಮಟ್ಟದಲ್ಲಿ ಜಜ್ಜಿದರೆ ಕಾಲುಗಳೆರಡೂ ಸ್ವಾಧೀನ ತಪ್ಪುತ್ತವೆ. ಮಲಮೂತ್ರದ ಹಿಡಿತವೂ ಹೋಗುತ್ತದೆ. ಮುರಿದ ಮೂಳೆ ಕೂಡಿಕೊಳ್ಳುತ್ತದೆ, ಕಡಿದ ಹುರಿ ಕೂಡುವುದಿಲ್ಲ.

ಆರಂಭ: ಕ್ರಿ.ಪೂ. ಸು. 1600ರ ಈಜಿಪ್ಟಿನ ಎಡ್ವಿನ್ ಸ್ಮಿತ್ ಪಪೈರಸ್ ಕತ್ತಿನ ಮೂಳೆ ಜಾರಿ ಕೈಕಾಲು ಬಿದ್ದುಹೋದ ರೋಗಿಯನ್ನು ವಿವರಿಸಿ, ಇದು ಚಿಕಿತ್ಸೆಗೆ ಮೀರಿದ್ದೆಂದು ಕೈಬಿಡುತ್ತದೆ. ಮೊದಲ ಮಹಾಯುದ್ಧದ ಕಾಲಕ್ಕೂ ಇಂಥವರಲ್ಲಿ ಬಹುಪಾಲು ಜನ ಹಾಸಿಗೆ ಹುಣ್ಣು, ಮೂತ್ರದ ಸೋಂಕುಗಳಿಂದ ಸಾಯುತ್ತಿದ್ದರು.

ಸಂಶೋಧನೆ: 1911ರಲ್ಲಿ ಅಮೆರಿಕದ ಅಲೆನ್ ನಾಯಿಗಳ ಬೆನ್ನುಹುರಿಯ ಮೇಲೆ ಗೊತ್ತಾದ ತೂಕವನ್ನು ಗೊತ್ತಾದ ಎತ್ತರದಿಂದ ಬೀಳಿಸಿ ಗಾಯವನ್ನು ಅಳೆದ. ಏಟು ಬಿದ್ದ ಕ್ಷಣಕ್ಕೆ ಹಾನಿ ಮುಗಿಯುವುದಿಲ್ಲ, ಊತ ಮತ್ತು ರಕ್ತದ ಕೊರತೆಯಿಂದ ಆಮೇಲೂ ಹುರಿ ಕೆಡುತ್ತ ಹೋಗುತ್ತದೆ ಎಂಬ ತಿಳಿವಳಿಕೆ ಬೆಳೆದದ್ದು ಈ ದಾರಿಯಲ್ಲಿ. 1944ರಲ್ಲಿ ಇಂಗ್ಲೆಂಡಿನ ಸ್ಟೋಕ್ ಮ್ಯಾಂಡೆವಿಲ್‌ನಲ್ಲಿ ನರತಜ್ಞ ಲುಡ್ವಿಗ್ ಗುಟ್‌ಮನ್ ಇಂಥ ರೋಗಿಗಳಿಗಾಗಿ ವಾರ್ಡು ತೆರೆದು, ಹಾಸಿಗೆ ಹುಣ್ಣಾಗದಂತೆ ಎರಡು ಗಂಟೆಗೊಮ್ಮೆ ರೋಗಿಯ ಮಗ್ಗುಲು ಬದಲಿಸುವ ಕ್ರಮವನ್ನು ಹಗಲಿರುಳೂ ನಡೆಸಿದ. 1948ರಲ್ಲಿ ಅಲ್ಲಿ ಗಾಲಿಕುರ್ಚಿಯವರಿಗಾಗಿ ನಡೆದ ಬಿಲ್ಲುಗಾರಿಕೆಯ ಪಂದ್ಯವೇ ಪ್ಯಾರಾಲಿಂಪಿಕ್ಸ್‌ಗೆ ಮೂಲ.

ಶಸ್ತ್ರಚಿಕಿತ್ಸೆ: ಹುರಿಯನ್ನು ಒತ್ತುವ ಮೂಳೆಯ ಕಮಾನನ್ನು ತೆಗೆಯುವುದು ಹಳೆಯ ವಿಧಾನ. 1960ರ ದಶಕದಲ್ಲಿ ಹ್ಯಾರಿಂಗ್ಟನ್‌ನ ಲೋಹದ ಸರಳುಗಳೂ ಫ್ರಾನ್ಸಿನ ರಾಯ್-ಕಮೀಯ ಸ್ಕ್ರೂಗಳೂ ಬಂದ ಮೇಲೆ ಕಳಚಿದ ಬೆನ್ನೆಲುಬನ್ನು ಬಿಗಿಯಾಗಿ ನಿಲ್ಲಿಸಲು ಸಾಧ್ಯವಾಯಿತು. ಇದರಿಂದ ಉಳಿದ ನರಕ್ಕೆ ರಕ್ಷಣೆ ಸಿಕ್ಕಿ, ರೋಗಿಯನ್ನು ಬೇಗ ಎಬ್ಬಿಸಿ ಕೂರಿಸಬಹುದಾಯಿತು.

ದಕ್ಷಿಣ ಭಾರತ: 1949ರಲ್ಲಿ ವೆಲ್ಲೂರಿನಲ್ಲಿ ಜೇಕಬ್ ಚಾಂಡಿ ದೇಶದ ಮೊದಲ ನರಶಸ್ತ್ರಚಿಕಿತ್ಸಾ ವಿಭಾಗ ಆರಂಭಿಸಿದರು. ಆಗ ಹನೂರು ಸೇರಿದಂತೆ ಕೊಳ್ಳೇಗಾಲ ತಾಲ್ಲೂಕು ಕೊಯಮತ್ತೂರು ಜಿಲ್ಲೆಯದು, ಅಂದರೆ ವೆಲ್ಲೂರಿನಂತೆಯೇ ಮದ್ರಾಸಿಗೆ ಸೇರಿದ್ದು. ಪಕ್ಕದ ಯಳಂದೂರು ಮೈಸೂರಿನದು. 1956ರಲ್ಲಿ ಕೊಳ್ಳೇಗಾಲವೂ ಮೈಸೂರು ರಾಜ್ಯಕ್ಕೆ ಬಂತು. 1958ರಲ್ಲಿ ಆರ್.ಎಂ. ವರ್ಮ ಬೆಂಗಳೂರಿನಲ್ಲಿ, ಮುಂದೆ ನಿಮ್ಹಾನ್ಸ್ ಆದ ಸಂಸ್ಥೆಯಲ್ಲಿ, ನರಶಸ್ತ್ರಚಿಕಿತ್ಸಾ ವಿಭಾಗ ಕಟ್ಟಿದರು. 1954ರ ಅಪಘಾತದಲ್ಲಿ ಕಾಲಿನ ಸ್ವಾಧೀನ ಕಳೆದುಕೊಂಡ ವೈದ್ಯೆ ಮೇರಿ ವರ್ಗೀಸ್ ಗಾಲಿಕುರ್ಚಿಯಲ್ಲೇ ಕುಳಿತು ಕುಷ್ಠರೋಗಿಗಳ ಕೈಗಳಿಗೆ ಶಸ್ತ್ರಚಿಕಿತ್ಸೆ ಮಾಡಿದರು. 1966ರಲ್ಲಿ ವೆಲ್ಲೂರಿನಲ್ಲಿ ಪುನರ್ವಸತಿ ಕೇಂದ್ರ ತೆರೆಯಲು ಕಾರಣರಾದರು.

ಗಡಿ ತಾಲ್ಲೂಕುಗಳಲ್ಲಿ: ಮಲೆ ಮಹದೇಶ್ವರ ಬೆಟ್ಟದಿಂದ ಕೊಳ್ಳೇಗಾಲಕ್ಕೆ ಸುಮಾರು 80 ಕಿ.ಮೀ., ಅಲ್ಲಿಂದ ದೊಡ್ಡ ಆಸ್ಪತ್ರೆಗಳಿರುವ ಮೈಸೂರಿಗೆ ಇನ್ನೂ 60 ಕಿ.ಮೀ. ತೆಂಗಿನ ಮರದಿಂದ ಬಿದ್ದವನನ್ನು ಕಂಕುಳಿಗೆ ಕೈಕೊಟ್ಟು ಎತ್ತಿ ಆಟೋದಲ್ಲಿ ಕೂರಿಸಿದರೆ ಮುರಿದ ಮೂಳೆ ಹುರಿಯನ್ನು ಮತ್ತಷ್ಟು ಜಜ್ಜಬಹುದು. ಒಬ್ಬರು ತಲೆ, ಕತ್ತು ಅಲುಗದಂತೆ ಹಿಡಿದು, ಉಳಿದ ಮೂವರು ಮರದ ದಿಮ್ಮಿಯಂತೆ ಇಡೀ ಮೈಯನ್ನು ಒಟ್ಟಿಗೆ ಹೊರಳಿಸಿ ಹಲಗೆಯ ಮೇಲೆ ಮಲಗಿಸಬೇಕು. 2008ರಲ್ಲಿ ಕರ್ನಾಟಕದಲ್ಲಿ ಆರಂಭವಾದ 108 ಆಂಬ್ಯುಲೆನ್ಸ್ ಸೇವೆಯಿಂದ ಇಂಥ ಸಾಗಾಟಕ್ಕೆ ಅನುಕೂಲವಾಯಿತು. ಶಸ್ತ್ರಚಿಕಿತ್ಸೆ ಮುಗಿಸಿ ಊರಿಗೆ ಮರಳಿದ ಮೇಲೆ ಮಗ್ಗುಲು ಬದಲಿಸುವ ಕೆಲಸ ಮನೆಯವರ ಪಾಲಿಗೆ ಬರುತ್ತದೆ.