ದೃಷ್ಟಿರೇಖೆಯ ಇತಿಹಾಸವೂ ಹಮ್ಮಿಗಿಯ ನದೀತೀರವೂ

ಹವ್ಯಾಸಿ ರೇಡಿಯೊಗಾರರು ದತ್ತಾಂಶವನ್ನು ಊರಿಂದೂರಿಗೆ ಒಯ್ಯಲು ಸೂಕ್ಷ್ಮತರಂಗಗಳಿಂದ ಕಟ್ಟುವ ಜಾಲವು ಇತ್ತೀಚಿನದೆಂಬ ವಿಷಯದಲ್ಲಿ ವಿವಾದವಿಲ್ಲ. ಹವ್ಯಾಸಿಗಳ ಪ್ಯಾಕೆಟ್ ಪ್ರಸಾರವು 1978ರಲ್ಲಿ ಕೆನಡದ ಮಾಂಟ್ರಿಯಲಿನಲ್ಲಿ ಮೊದಲಾಯಿತು. ಜರ್ಮನಿ, ಆಸ್ಟ್ರಿಯಗಳ ಹ್ಯಾಮ್‌ನೆಟ್ ಎಂಬ ಜಾಲವು ಬೆಟ್ಟದ ನೆತ್ತಿಗಳನ್ನು ಇಂತಹ ಕೊಂಡಿಗಳಿಂದ ಬೆಸೆದಿದೆ. ಆದರೆ ಆ ಕೊಂಡಿಯನ್ನು ಯೋಜಿಸುವ ಗಣಿತವೂ ಅಷ್ಟೇ ನೂತನವೆಂದು ಭಾವಿಸುವುದು ಯುಕ್ತವಲ್ಲ. ಒಂದು ಶಿಖರದಿಂದ ಮತ್ತೊಂದು ಕಾಣುವುದೇ, ನಡುವಣ ನೆಲವು ಎಷ್ಟು ಉಬ್ಬಿದೆ, ವಾಯುವು ಕಿರಣವನ್ನು ಎಷ್ಟು ಬಾಗಿಸುತ್ತದೆ ಎಂಬ ಪ್ರಶ್ನೆಗಳನ್ನು ಕನ್ನಡ ನಾಡಿನ ಬೆಟ್ಟಗಳ ಮೇಲೆ ಇನ್ನೂರು ವರ್ಷಗಳ ಹಿಂದೆಯೇ ಕೇಳಲಾಗಿತ್ತು.

1799ರ ಶ್ರೀರಂಗಪಟ್ಟಣದ ಯುದ್ಧದಲ್ಲಿದ್ದ ವಿಲಿಯಂ ಲ್ಯಾಂಬ್ಟನ್ ಎಂಬ ಸೇನಾಧಿಕಾರಿಯು 1802ರಲ್ಲಿ ಮದರಾಸಿನ ಬಳಿ ಆಧಾರರೇಖೆಯೊಂದನ್ನು ಅಳೆದು, 1804ರಲ್ಲಿ ಬೆಂಗಳೂರಿನ ಬಳಿ ಮತ್ತೊಂದನ್ನು ಅಳೆದು ಮೊದಲಿನದನ್ನು ತಾಳೆ ನೋಡಿದನು. ಸುಮಾರು ಅರ್ಧ ಟನ್ ತೂಕದ ಥಿಯೊಡೊಲೈಟನ್ನು ಗುಡ್ಡದಿಂದ ಗುಡ್ಡಕ್ಕೆ ಹೊರಿಸಿ ತ್ರಿಕೋನಗಳನ್ನು ಹೆಣೆದ ಫಲವಾಗಿ, ಮದರಾಸಿಗೂ ಮಂಗಳೂರಿಗೂ ನಡುವಣ ದೂರವು 400 ಮೈಲಿಯಲ್ಲ, 360 ಮೈಲಿಯೆಂದು ತಿಳಿಯಿತು. ಬೆಟ್ಟಗಳಿಲ್ಲದ ಕಾವೇರಿಯ ಬಯಲಿನಲ್ಲಿ ಅವನು ದೇವಾಲಯಗಳ ಗೋಪುರಗಳನ್ನೇ ಆಶ್ರಯಿಸಬೇಕಾಯಿತು. 1808ರಲ್ಲಿ ತಂಜಾವೂರಿನ ದೇಗುಲದ ಮೇಲಕ್ಕೆ ಎಳೆಯುವಾಗ ಆ ಯಂತ್ರವು ಜಖಂಗೊಂಡಿತು. ಎತ್ತರವಿಲ್ಲದ ಸೀಮೆಯ ಕಷ್ಟವು ಅಂದಿಗೂ ಇಂದಿಗೂ ಒಂದೇ.

ಉತ್ತರ ಕರ್ನಾಟಕದ ಹಳ್ಳಿಗಳ ಹುಡೇವುಗಳಲ್ಲಿಯೇ ಈ ವಿದ್ಯೆಯ ಮೂಲವನ್ನು ಕಾಣಬೇಕೆಂಬ ಆಸೆ ಕೆಲವರಿಗೆ ಉಂಟಾದೀತು. ಹುಡೇವು ಊರ ಕಾವಲಿನ ಬುರುಜು. ಬರುವ ಶತ್ರುವನ್ನು ನೋಡುವುದಕ್ಕೆ ಕಟ್ಟಿದುದೇ ಹೊರತು, ಮತ್ತೊಂದು ಹುಡೇವನ್ನು ಅಳತೆಯಿಂದ ಗುರಿಯಿಡುವುದಕ್ಕಲ್ಲ.

ಸೂಕ್ಷ್ಮತರಂಗಗಳ ವಿಚಾರಕ್ಕೆ ಬಂದರೆ, ಜಗದೀಶಚಂದ್ರ ಬೋಸರು 1895ರಲ್ಲಿ ಕಲ್ಕತ್ತೆಯಲ್ಲಿಯೇ ಅವನ್ನು ಪ್ರದರ್ಶಿಸಿದ್ದರು. ಮೈಸೂರಿನಲ್ಲಿ ಎಂ. ವಿ. ಗೋಪಾಲಸ್ವಾಮಿಯವರು 1935ರ ಸೆಪ್ಟೆಂಬರ್ 10ರಂದು 30 ವಾಟಿನ ಯಂತ್ರದಿಂದ ಆರಂಭಿಸಿದ ಆಕಾಶವಾಣಿಯು ಖಾಸಗಿ ಉತ್ಸಾಹದ ಫಲವಾದರೂ ಅದು ಒಬ್ಬರು ನುಡಿದು ಹಲವರು ಕೇಳುವ ಬಗೆಯದು. ಭಾರತವು 2005ರ ಮೇ 5ರಂದು ಹಾರಿಸಿದ 42.5 ಕಿಲೊಗ್ರಾಂ ತೂಕದ ಹ್ಯಾಮ್‌ಸ್ಯಾಟ್ ಉಪಗ್ರಹವು ಗುಡ್ಡಗಳ ತೊಡಕನ್ನೇ ಮೀರಿ ಹವ್ಯಾಸಿಗಳ ಮಾತನ್ನು ದಾಟಿಸಿತು. ಆದರೆ ದಿಗಂತದ ಮೇಲೆ ಕೆಲವೇ ನಿಮಿಷ ತೋರಿ ಮರೆಯಾಗುತ್ತಿದ್ದ ಅದರ ಸೇವೆಯೂ 2014ರಲ್ಲಿ ಮುಗಿಯಿತು. ಹಗಲಿರುಳೂ ನಿಲ್ಲುವ ಕೊಂಡಿಗೆ ನೆಲದ ಎತ್ತರವೇ ಗತಿ.

ಲ್ಯಾಂಬ್ಟನ್ನನ ಗಣಿತಕ್ಕೆ ಇಲ್ಲಿ ಎರಡು ತಿದ್ದುಪಡಿಗಳು ಬೇಕು. ರೇಡಿಯೊ ಅಲೆಯು ಬೆಳಕಿಗಿಂತ ತುಸು ಹೆಚ್ಚು ಬಾಗುವುದರಿಂದ, ಭೂಮಿಯ ತ್ರಿಜ್ಯವನ್ನು ಮೂರನೆಯ ಒಂದು ಪಾಲು ಹೆಚ್ಚಿಸಿ ಲೆಕ್ಕ ಹಾಕುವುದು ರೂಢಿ. ಹೀಗೆ ಎಣಿಸಿದರೆ 30 ಕಿಲೊಮೀಟರಿನ ಹಾದಿಯ ನಡುವೆ ನೆಲದ ಉಬ್ಬು ಸುಮಾರು 13 ಮೀಟರು. ಎರಡನೆಯದಾಗಿ, ಅಲೆಗೆ ರೇಖೆಯೊಂದೇ ಸಾಲದು; ಅದರ ಸುತ್ತ ಕದಿರಿನಾಕಾರದ ತೆರವು ಬೇಕು. 5.8 ಗಿಗಾಹರ್ಟ್ಸಿನಲ್ಲಿ ಇದರ ನಡುವಿನ ತ್ರಿಜ್ಯ ಸುಮಾರು 20 ಮೀಟರು; ಅದರಲ್ಲಿ ನೂರಕ್ಕೆ 60 ಪಾಲಾದರೂ, ಎಂದರೆ 12 ಮೀಟರು, ಬಿಡುವಿರಬೇಕು. ಹೀಗೆ ಸಮನೆಲದ ಮೇಲೆಯೇ 25 ಮೀಟರು ಕೂಡಿತು. ಮರಗಳ ಎತ್ತರ ಬೇರೆ.

ಮುಂಡರಗಿ ತಾಲ್ಲೂಕಿನ ಹಮ್ಮಿಗಿಯನ್ನು ನಿದರ್ಶನವಾಗಿ ತೆಗೆದುಕೊಂಡರೆ ಈ ಲೆಕ್ಕದ ತೂಕ ತಿಳಿಯುತ್ತದೆ. ಸಿಂಗಟಾಲೂರು ಏತ ನೀರಾವರಿಗಾಗಿ ತುಂಗಭದ್ರೆಗೆ ಇಲ್ಲಿ ಬ್ಯಾರೇಜನ್ನು ಕಟ್ಟಿದ್ದು, ಬಿದರಹಳ್ಳಿ, ವಿಠಲಾಪುರ, ಗುಮ್ಮಗೋಳ ಗ್ರಾಮಗಳು ಮುಳುಗಡೆಗೆ ಸೇರಿದುವು. ಹೊಳೆಯೇರಿದಾಗ ಸುದ್ದಿಯು ತಪ್ಪದೆ ಮುಟ್ಟಬೇಕಾದ ಸೀಮೆಯಿದು. ನದಿಯಾಚೆಯ ಹೂವಿನಹಡಗಲಿಯತ್ತ ಗುರಿಯಿಟ್ಟರೆ ಹಾದಿಯು ಹಿನ್ನೀರಿನ ಮೇಲೆ ಹಾಯುತ್ತದೆ. ನಿಶ್ಚಲವಾದ ನೀರಿನಿಂದ ಪ್ರತಿಫಲಿಸಿದ ಅಲೆಯು ನೇರವಾದುದರೊಡನೆ ಘರ್ಷಿಸಿ ಕೊಂಡಿಯನ್ನು ಕುಗ್ಗಿಸುವ ಭಯವುಂಟು. ಕಪ್ಪತಗುಡ್ಡದ ಸಾಲಿನತ್ತ ತಿರುಗಿಸಿದರೆ, ಒಂದು ತುದಿ ತಗ್ಗಿನಲ್ಲಿಯೂ ಮತ್ತೊಂದು ಎತ್ತರದಲ್ಲಿಯೂ ಇರುವುದರಿಂದ ಪ್ರತಿಫಲನದ ಸ್ಥಾನವು ತಗ್ಗಿನ ಬದಿಗೆ ಸರಿದು ಹೊಲಗಳ ಮೇಲೆ ಬೀಳುತ್ತದೆ. ಉಳುಮೆಯ ಒರಟು ನೆಲವು ಅಲೆಯನ್ನು ಚದರಿಸುವುದರಿಂದ ಬಾಧೆ ಅಲ್ಪ. ಗಣಿತವು ಗುಡ್ಡವನ್ನೇ ಆರಿಸುತ್ತದೆ. ಆದರೆ ಆ ಸಾಲಿನಲ್ಲಿ ಈಗ ಗಾಳಿಯಂತ್ರಗಳ ರೆಕ್ಕೆಗಳು ತಿರುಗುತ್ತಿವೆ; 2019ರಲ್ಲಿ ಕಪ್ಪತಗುಡ್ಡವು ವನ್ಯಜೀವಿಧಾಮವೆಂದು ಘೋಷಿತವಾದ ಮೇಲೆ ಅದರೊಳಗೆ ಕಂಬವೊಂದನ್ನು ನೆಡಬೇಕಾದರೂ ಅರಣ್ಯ ಇಲಾಖೆಯ ಒಪ್ಪಿಗೆ ಬೇಕು.